ಒಣ ಕೆರೆಯ ಹದಿನೇಳು ಮನೆ

ಔರಾದ ತಾಲೂಕಿನ ಪಿಂಪಳವಾಡಿಯಲ್ಲಿ ಕಾಶೀರಾಮ ಬಾವಿ ತೋಡುವವನು. ಅವನ ಅಪ್ಪನೂ ಅದೇ ಕೆಲಸ ಮಾಡಿದವನು. ಸುತ್ತಿನ ಊರುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಾವಿಗಳು ಅವನ ಕೈಯಿಂದ ಆಗಿದ್ದವು. ಎರೆ ಮಣ್ಣು ಎಲ್ಲಿ ಮುಗಿಯುತ್ತದೆ, ಕಲ್ಲು ಎಲ್ಲಿ ಶುರುವಾಗುತ್ತದೆ, ಯಾವ ಬಿರುಕಿನಿಂದ ಸೆಲೆ ಒಡೆಯುತ್ತದೆ ಎಂಬುದನ್ನು ಹಾರೆಯ ಸದ್ದು ಕೇಳಿಯೇ ಹೇಳುತ್ತಿದ್ದ. ತಾನು ತೋಡಿದ ಕೆಲವು ಬಾವಿಗಳಲ್ಲಿ ನೀರು ಬಿದ್ದ ಮರುದಿನದಿಂದ ಅವನೇ ಕೊಡ ಇಳಿಸುವ ಹಾಗಿರಲಿಲ್ಲ. ಬೇರೆಯವರು ಸೇದಿ ಮೇಲಿನಿಂದ ಸುರಿಯಬೇಕಿತ್ತು. ಅವನಿಗೆ ಮೂವತ್ತು ತುಂಬುವ ಹೊತ್ತಿಗೆ ಗಲಾಟೆಯಾಗಿ, ಪಂಚಾಯ್ತಿ ಸೇರಿ, ಅದು ನಿಂತಿತು. ಈಗ ಅವನಿಗೆ ಐವತ್ತೆರಡು. ಹೆಂಡತಿ ಶಾಲುಬಾಯಿ ಅವನಿಗಿಂತ ಆರು ವರ್ಷ ಚಿಕ್ಕವಳು. ಒಬ್ಬಳೇ ಮಗಳು ಮದುವೆಯಾಗಿ ಉದಗೀರದಲ್ಲಿದ್ದಳು.

ಎರಡು ಸಾವಿರದ ಹದಿನೈದರಲ್ಲಿ ಮಳೆ ಎರಡನೆಯ ವರ್ಷವೂ ಕೈಕೊಟ್ಟಿತು. ಸೋಯಾ ಗೇಣುದ್ದಕ್ಕೇ ಒಣಗಿ ನಿಂತಿತು. ಇದ್ದ ಬಾವಿಗಳನ್ನೇ ಇನ್ನಷ್ಟು ಆಳ ಮಾಡಿಕೊಡು ಎಂದು ಜನ ಕಾಶೀರಾಮನನ್ನು ಹುಡುಕಿಕೊಂಡು ಬಂದರು. ಅವನು ಇಳಿದು ನೋಡುತ್ತಿದ್ದ, ಎರಡು ಆಳುದ್ದ ತೋಡುತ್ತಿದ್ದ, ತಳದಲ್ಲಿ ಕರಿಕಲ್ಲು ಬಿಟ್ಟು ಬೇರೇನೂ ಇಲ್ಲವೆಂದು ಹೇಳಿ ಮೇಲೆ ಬರುತ್ತಿದ್ದ. ದೀಪಾವಳಿಯ ಹೊತ್ತಿಗೆ ಊರಿಗೆ ವಾರಕ್ಕೆರಡು ಸಲ ಟ್ಯಾಂಕರ್ ಬರತೊಡಗಿತು. ಬಾವಿ ತೋಡುವವನ ಮನೆಯ ಮುಂದೆಯೂ ಖಾಲಿ ಕೊಡಗಳು ಸಾಲಾಗಿ ಕೂತವು.

ಕೊನೆಯ ಕೆಲಸ ಭಾಲ್ಕಿಯ ಹತ್ತಿರ ಮನ್ಮಥಪ್ಪ ಎಂಬ ರೈತರ ಹೊಲದಲ್ಲಿ ಸಿಕ್ಕಿತು. ಗಂಡ ಹೆಂಡತಿ ಇಬ್ಬರೂ ಹೋಗಿ ಹೊಲದ ಪತ್ರಾಸಿನ, ಅಂದರೆ ತಗಡಿನ, ಕೊಠಡಿಯಲ್ಲೇ ಉಳಿದರು. ಅವನು ಕೆಳಗೆ ಒಡೆದರೆ ಅವಳು ಮತ್ತಿಬ್ಬರ ಜೊತೆ ಬುಟ್ಟಿ ಎಳೆಯುತ್ತಿದ್ದಳು. ಇಪ್ಪತ್ತು ದಿನ ತೋಡಿದರು. ಅರವತ್ತು ಅಡಿಯಲ್ಲಿ ಮಣ್ಣಿಗೆ ಒಂದಿಷ್ಟು ತಂಪು ಬಂತು. ಮರುದಿನ ಅದೂ ಆರಿಹೋಯಿತು.

ಮನ್ಮಥಪ್ಪ ಒಳ್ಳೆಯವರು. ಬಾವಿಯ ದಂಡೆಯ ಮೇಲೆ ಕೂತು, "ಕಾಶೀರಾಮ, ನಿನ್ನ ಕೈದಾಗ ತಪ್ಪಿಲ್ಲಪ್ಪ. ನೀರೇ ಕೆಳಗ ಹೋಗ್ಯಾವ. ನಾಳಿ ಬೋರಿನ ಗಾಡಿ ಕರಸ್ತೇನಿ" ಎಂದರು.

"ಎಷ್ಟು ಕೆಳಗ ಅಂತಾನ್ರಿ ಬೋರಿನಂವ?"

"ಆರ್ನೂರು ಅಡಿ."

ಕಾಶೀರಾಮ ಹಾರೆ ಒರೆಸುತ್ತ, "ಆರ್ನೂರು ಅಡಿಗೆ ಮನುಷ್ಯಾ ಇಳೀಲಿಕ್ಕ ಆಗಲ್ರಿ ಸಾವಕಾರ್ರ" ಎಂದ.

ಅಲ್ಲಿಂದ ಅವರು ಊರಿಗೆ ವಾಪಸಾಗಲಿಲ್ಲ. ಬೀದರಿನಲ್ಲಿ ಕಟ್ಟಡದ ಕೆಲಸ ಸಿಗುತ್ತದೆಂದು ಕೇಳಿ ಭಾಲ್ಕಿಯಿಂದಲೇ ಬಸ್ಸು ಹತ್ತಿದರು. ಕೆಲಸ ಸಿಕ್ಕಿತು ಕೂಡ. ಪಾಯ ತೋಡುವುದು, ಸಂಡಾಸಿನ ಗುಂಡಿ ತೋಡುವುದು. ಬೀದರಿನ ಕೆಂಪು ಕಲ್ಲು ಅವನ ಕೈಗೆ ಮೆತ್ತಗೆ ಅನ್ನಿಸಿತು. ಇರಲು ಜಾಗ ಮಾತ್ರ ಸಿಗಲಿಲ್ಲ. ಜೊತೆಗಿದ್ದ ಕೂಲಿಗಳು ಅವರನ್ನು ಊರಂಚಿನ ಮೈಲೂರಿನ ಆಚೆಗೆ ಕರೆದುಕೊಂಡು ಹೋದರು. ಅಲ್ಲಿ ಕೊನೆಯ ಓಣಿ ದಾಟಿದರೆ ತಗ್ಗಾದ ಒಂದು ಬಯಲು. ಔರಾದ, ಭಾಲ್ಕಿ ಕಡೆಗಳಿಂದ ಬಂದ ಒಂಬತ್ತು ಕುಟುಂಬಗಳು ಆಗಲೇ ಪತ್ರಾಸು ನಿಲ್ಲಿಸಿಕೊಂಡಿದ್ದವು.

ಕಾಶೀರಾಮ ಬಯಲಿಗಿಳಿದು ಒಂದು ಹಿಡಿ ಮಣ್ಣು ತೆಗೆದುಕೊಂಡ. ಬೆರಳ ನಡುವೆ ಉಜ್ಜಿದ. ಹಿಟ್ಟಿನಷ್ಟು ನುಣುಪು. ಸುತ್ತಲಿನ ನೆಲವೆಲ್ಲ ಕೆಂಪಾಗಿದ್ದರೆ ಇಲ್ಲಿ ಮಾತ್ರ ಬೂದು ಬಣ್ಣದ ಹೂಳು. ಒಂದು ಬದಿಗೆ ಉದ್ದಕ್ಕೆ ಜಾಲಿ ಬೆಳೆದ ದಿಬ್ಬ, ದಿಬ್ಬದ ನಡುವೆ ಒಂದು ಒಡಕು.

"ಇದು ಕೆರಿ" ಎಂದ ಹೆಂಡತಿಗೆ, ಮೆಲ್ಲಗೆ. "ಏರಿ ಒಡದದ. ಅದಕ್ಕ ಬರಿದಾಗ್ಯದ."

ಶಾಲುಬಾಯಿ ತಲೆಯ ಮೇಲಿನ ಗಂಟು ಇಳಿಸಿದಳು. "ಕೆರಿ ಅಂದ್ರ ನೀರಿರಬೇಕಲ್ಲ. ನೀರಿದ್ರ ನಾವ್ಯಾಕ ಇಲ್ಲಿ ತನಕ ಬರ್ತಿದ್ವಿ?"

ಅವನು ಹೌದೆಂದು ತಲೆಯಾಡಿಸಿದ. ಆದರೂ ಬಯಲಿನ ಎಲ್ಲಕ್ಕಿಂತ ಎತ್ತರದ ಮೂಲೆ ಹುಡುಕಿ ಅಲ್ಲಿ ತನ್ನ ಪತ್ರಾಸು ನಿಲ್ಲಿಸಿದ. ಒಳಗೆ ಬುದ್ಧನ ಫೋಟೊ ತೂಗುಹಾಕಿದ. ಪಕ್ಕದವರು ಕೇಳಿದಾಗ, ಇಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದ.

ಏಪ್ರಿಲ್ ತಿಂಗಳಲ್ಲಿ ಊರಿನಿಂದ ಮಚ್ಛೇಂದ್ರನ ಫೋನು ಬಂತು. ಮಚ್ಛೇಂದ್ರ ತೀರಿಹೋದ ಅಣ್ಣನ ಮಗ. ಅಣ್ಣನ ಹೆಂಡತಿ ಕೇಶರಬಾಯಿ ಮತ್ತು ಮಚ್ಛೇಂದ್ರನ ಹೆಂಡತಿ ಸುಭದ್ರಾ ಅವನ ಜೊತೆಗಿದ್ದರು. ಸುಭದ್ರಾ ಆಗ ಎರಡು ತಿಂಗಳ ಬಸುರಿ.

"ಕಾಕಾ, ಟ್ಯಾಂಕರ್ ಮುಂದ ಸುಭದ್ರಾ ಚಕ್ಕರ್ ಬಂದು ಬಿದ್ಲು. ಇಲ್ಲಿ ಇರೂದು ಆಗಲ್ರಿ. ಅಲ್ಲಿ ಜಗಾ ಅದ ಏನ್ರಿ?"

ಕಾಶೀರಾಮ ಪತ್ರಾಸಿನ ಹೊರಗೆ ನಿಂತಿದ್ದ. ಎತ್ತರದ ಜಾಗವೆಲ್ಲ ಅಷ್ಟರಲ್ಲಿ ತುಂಬಿತ್ತು. ಉಳಿದದ್ದು ಏರಿಯ ಒಡಕಿನ ಹತ್ತಿರದ ತಗ್ಗು. ತಲೆಯ ಮೇಲೆ ಒಂದು ಮೋಡವಿರಲಿಲ್ಲ.

"ಅದ. ಬರ್ರಿ" ಎಂದ.

ಅವರು ಬಂದರು. ಅವರೇ ಕೈಹಿಡಿದು ಎಳೆದಂತೆ ಊರಿನ ಇನ್ನೂ ಆರು ಮನೆಯವರು ಬಂದರು. ಕಾಶೀರಾಮ ತಾನೇ ನಿಂತು ತಗ್ಗಿನಲ್ಲಿ ಅವರಿಗೆ ಕಂಬ ಹುಗಿದುಕೊಟ್ಟ. ಮಣ್ಣಿನ ಬಗ್ಗೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಅವರು ಟ್ಯಾಂಕರಿನ ಸಾಲಿಗೇ ತಿರುಗಿ ಹೋಗಬೇಕಿತ್ತು. ಅಲ್ಲದೆ, ಎಷ್ಟೋ ದಿನದ ಮೇಲೆ ತನ್ನವರ ದನಿ ಸುತ್ತಲೂ ಕೇಳುತ್ತಿತ್ತು; ಅದೂ ಅವನ ಬಾಯಿ ಕಟ್ಟಿತು. ಮೇ ಮುಗಿಯುವ ಹೊತ್ತಿಗೆ ಅಲ್ಲಿ ಹದಿನೇಳು ಮನೆಗಳಾದವು.

ಬಯಲಿನ ಅಂಚಿನಲ್ಲಿ ವಿಮಲಾಬಾಯಿಯವರ ಮಾಳಿಗೆ ಮನೆ. ಕೆಳಗೆ ಕಿರಾಣಿ ಅಂಗಡಿ, ಮೇಲೆ ವಾಸ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬರೇ ನಡೆಸುತ್ತಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡೇ ಬಾಗಿಲು ತೆರೆಯುತ್ತಿದ್ದರು. ಕೆರೆಯಂಗಳದಲ್ಲಿ ಜನ ಬಂದು ಕೂತದ್ದು ಅವರಿಗೆ ಇಷ್ಟವಿರಲಿಲ್ಲ. ಇವರನ್ನು ಎಬ್ಬಿಸಿರೆಂದು ಒಂದು ಸಲ ಅರ್ಜಿ ಕೂಡ ಬರೆಸಿದ್ದರು. ಆದರೆ ದಿನಾ ಸಂಜೆ ತಮ್ಮ ಬೋರಿನ ಪೈಪನ್ನು ಕಿಟಕಿಯಿಂದ ಹೊರಗೆ ಬಿಟ್ಟು, ಮನೆಗೆ ಎರಡು ಕೊಡದಂತೆ ನೀರು ಬಿಡುತ್ತಿದ್ದರು. ಶಾಲುಬಾಯಿ ಆ ನೀರನ್ನು ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕೂಡಿಸಿ, ಮುಚ್ಚಳ ಹಾಕಿ, ಅದರ ಮೇಲೆ ಕಲ್ಲು ಇಡುತ್ತಿದ್ದಳು.

ಒಂದು ಸಂಜೆ ಕೊಡ ತುಂಬಿಸಲು ಕಾಶೀರಾಮನೇ ಬಂದಿದ್ದ. ವಿಮಲಾಬಾಯಿ ಕಿಟಕಿಯಲ್ಲಿ ನಿಂತು ಕೇಳಿದರು:

"ನೀವು ಬಾವಿ ತೋಡಾಂವರು ಅಂತಲ್ಲ. ಇದು ಏನಂತ ಗೊತ್ತಾಗಿಲ್ಲೇನು ನಿಮಗ?"

"ಗೊತ್ತದ್ರಿ ಅಕ್ಕೋರ."

"ನಾ ಈ ಮನಿಗಿ ಸೊಸಿಯಾಗಿ ಬಂದಾಗ ನೀರು ನಮ್ಮ ಮನಿ ಮುಂದಿನ ಪಾವಟಿಗಿ ತನಕ ನಿಂದರ್ತಿದ್ವು. ಏರಿ ಒಡದ ಮ್ಯಾಲ ಎಷ್ಟ ಮಳಿ ಬಂದ್ರೂ ಆ ಒಡಕಿನಾಗ ಹರದು ಹೋಗ್ತಿದ್ವು. ಈಗ ನೋಡ್ರಿ, ಹೋದ ವರ್ಷ ಒಡಕಿನ ಆಚಿಗಿ ಲೇಔಟಿನವರು ಗ್ವಾಡಿ ಕಟ್ಯಾರ. ಊರ ಮಂದಿ ಒಡೆದ ಮನಿ ಮಣ್ಣು ತಂದು ಅಲ್ಲೇ ಸುರೀತಾರ. ಇನ್ನ ನೀರು ಎಲ್ಲಿಗಿ ಹೋಗಬೇಕು?"

ಕಾಶೀರಾಮ ತುಂಬಿದ ಕೊಡ ಬದಿಗಿಟ್ಟು ಎರಡನೆಯದನ್ನು ಪೈಪಿನ ಕೆಳಗಿಟ್ಟ.

"ಗೊತ್ತಿದ್ದೂ ನಿಮ್ಮವರಿಗೇ ತಗ್ಗಿನಾಗ ಕಂಬ ನೆಟ್ಟುಕೊಟ್ರಿ" ಎಂದರು ವಿಮಲಾಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ ಹಾಗಿತ್ತು.

ಮರುದಿನ ಭಾನುವಾರ. ಕಾಶೀರಾಮ ಎಲ್ಲರನ್ನೂ ಕರೆದು ಹೇಳಿದ. ಇದು ಕೆರೆ, ಮಳೆ ಬಂದರೆ ತಗ್ಗಿನ ಮನೆಗಳಿಗೆ ಅಪಾಯ, ಬೇರೆ ಕಡೆ ಜಾಗ ನೋಡೋಣ ಎಂದ. ಯಾರೂ ಮೇಲೇಳಲಿಲ್ಲ. ಮಚ್ಛೇಂದ್ರ ನಕ್ಕುಬಿಟ್ಟ. "ಕಾಕಾ, ಎರಡು ವರ್ಷ ಆತು, ಮಕ ತೊಳೀಲಿಕ್ಕ ನೀರಿಲ್ಲ. ನೀವು ಮುಳುಗೂ ಮಾತು ಆಡ್ತೀರಿ." ಕೇಶರಬಾಯಿ ನಗಲಿಲ್ಲ. ಮೊಣಕಾಲು ನೋವಿನ ಆಕೆ ಕಾಲು ಚಾಚಿ ಕೂತು, ನೆಲವನ್ನೇ ನೋಡುತ್ತಿದ್ದಳು. "ಎಲ್ಲಿಗಿ ಹೋಗೂದು, ಹೇಳು" ಎಂದಳು ಕೊನೆಗೆ.

ಅಂದಿನಿಂದ ಅವನು ಒಂದು ಕೆಲಸ ಹಿಡಿದ. ಕೂಲಿ ಮುಗಿಸಿ ಬಂದು, ಕತ್ತಲಾಗುವ ತನಕ ಏರಿಯ ಒಡಕಿನಲ್ಲಿ ತುಂಬಿದ್ದ ಇಟ್ಟಿಗೆ ಚೂರು, ಸಿಮೆಂಟು ಹೆಂಟೆ, ಹಳೆಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕತೊಡಗಿದ. ಮೊದಲ ಕೆಲವು ದಿನ ಒಬ್ಬನೇ. ಆಮೇಲೆ ಶಾಲುಬಾಯಿ ಬಂದಳು. ಒಂದು ವಾರದ ಮೇಲೆ ಮಚ್ಛೇಂದ್ರ, ಕಾಕಾ ಕಾಕಿ ಹೊರುವುದನ್ನು ನೋಡಲಾರದೆ, ಗೊಣಗುತ್ತಲೇ ಗುದ್ದಲಿ ಹಿಡಿದ. ಜುಲೈ ಮುಗಿಯುವಷ್ಟರಲ್ಲಿ ಆಳೆತ್ತರದ ಕಾಲುವೆ ತೆರೆದುಕೊಂಡಿತು. ಅದು ನೇರ ಹೋಗಿ ಲೇಔಟಿನ ಕಾಂಪೌಂಡ್ ಗೋಡೆಗೆ ಮುಟ್ಟಿ ನಿಂತಿತು.

ಗೋಡೆಯ ಆಚೆ ಬರೀ ಖಾಲಿ ಪ್ಲಾಟುಗಳು, ಅವುಗಳ ಕೊನೆಗೆ ನಾಲೆ. ಕಾಯುವವನು ಚಾಂದ ಪಾಶಾ, ಅರವತ್ತು ದಾಟಿದ, ಬಿಳಿ ಗಡ್ಡದ ಮನುಷ್ಯ. ಕಾಶೀರಾಮ ಹೋಗಿ ಕೈಮುಗಿದ.

"ಚಾಚಾ, ಇಲ್ಲಿ ಎರಡು ಮೊಳದ ಮೋರಿ ಬಿಡಸ್ರಿ. ಅಷ್ಟೇ ಸಾಕು."

"ನನ್ನ ಕೈದಾಗ ಏನದ ಭಾಯಿ? ಮಾಲಕರಿಗಿ ಹೇಳ್ತೇನಿ."

ಮಾಲೀಕರು ಯಾರೋ, ಎಲ್ಲಿಯವರೋ. ಚಾಂದ ಪಾಶಾ ಹೇಳಿದ್ದಂತೂ ನಿಜ. ನಕಾಶೆಯಲ್ಲಿ ನಾಲೆ ಇಲ್ಲ, ಗೋಡೆಗೆ ಕೈ ಹಚ್ಚಿದರೆ ಕೇಸ್ ಹಾಕುತ್ತೇವೆ ಎಂಬ ಉತ್ತರ ಬಂತು. ಚಾಂದ ಪಾಶಾ ಅದನ್ನು ಹೇಳುವಾಗ ಕಾಶೀರಾಮನ ಮುಖ ನೋಡಲಿಲ್ಲ.

ಸೆಪ್ಟೆಂಬರಿನಲ್ಲಿ ಮಳೆ ಹಿಡಿಯಿತು.

ಮೊದಲ ದಿನ ಹದಿನೇಳು ಮನೆಯವರೂ ಹೊರಗೆ ಬಂದು ನೆನೆದರು. ಹೆಂಗಸರು ಸಿಕ್ಕ ಪಾತ್ರೆಯನ್ನೆಲ್ಲ ಹೊರಗಿಟ್ಟರು. ಕೇಶರಬಾಯಿ ಬಾಗಿಲಲ್ಲಿ ಕೂತು, ಸೂರಿನಿಂದ ಬೀಳುವ ನೀರಿಗೆ ಅಂಗೈ ಒಡ್ಡಿ ಮತ್ತೆ ಮತ್ತೆ ಮುಖಕ್ಕೆ ಒತ್ತಿಕೊಂಡಳು. ಎರಡನೆಯ ದಿನ ಊರಿನಿಂದ ಫೋನು ಬಂತು: ಪಿಂಪಳವಾಡಿಯ ಬಾವಿಗಳಿಗೆ ನೀರು ಇಳಿಯುತ್ತಿದೆ, ಹಳ್ಳ ಹರಿಯುತ್ತಿದೆ. ಮಚ್ಛೇಂದ್ರ ಎಲ್ಲರಿಗೂ ಕೇಳಿಸುವಂತೆ ಫೋನು ಎತ್ತಿ ಹಿಡಿದ. ಎರಡು ವರ್ಷ ಬರಬೇಕಾದ ಮಳೆ ಒಂದೇ ವಾರದಲ್ಲಿ ಬರುತ್ತಿದೆಯೇನೋ ಎಂದು ಕಾಶೀರಾಮನಿಗೆ ಅನ್ನಿಸಿತು. ಅವನು ಎರಡೂ ದಿನ ಹೋಗಿ ಗೋಡೆಯ ಬುಡ ನೋಡಿ ಬಂದಿದ್ದ. ಅಲ್ಲಿ ನೀರು ನಿಲ್ಲತೊಡಗಿತ್ತು.

ಮೂರನೆಯ ದಿನ ಮಧ್ಯಾಹ್ನ ಮೂರರ ಸುಮಾರಿಗೆ ನೀರು ಬಂತು, ಅದೂ ಮೈಲೂರಿನ ಓಣಿಗಳ ಕಡೆಯಿಂದ. ಮೇಲಿನ ಅಷ್ಟೂ ಬಡಾವಣೆಗಳ ಚರಂಡಿ, ರಸ್ತೆ, ಬಯಲುಗಳ ನೀರು ಒಂದಾಗಿ, ಕೆಂಪಗೆ, ಚಪ್ಪಲಿ, ಬಾಟಲಿ, ತೆಂಗಿನ ಚಿಪ್ಪು ಹೊತ್ತುಕೊಂಡು ಇಳಿಯಿತು. ಗಂಡಸರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗಿದ್ದರು. ಮಚ್ಛೇಂದ್ರನೂ ಬೀದರಿನೊಳಗೆ ಒಂದು ಮನೆಯ ಒಳಗೋಡೆಗೆ ಸಿಮೆಂಟು ಮೆತ್ತುವ ಗಿಲಾಯಿ ಕೆಲಸಕ್ಕೆ ಹೋಗಿದ್ದ. ಕಾಶೀರಾಮ ಅಂದು ಹೋಗಿರಲಿಲ್ಲ. ಅವನು ಎತ್ತರದ ತನ್ನ ಮನೆಯಿಂದ ಓಡಿ ಬರುವಷ್ಟರಲ್ಲಿ ತಗ್ಗಿನ ಮನೆಗಳಲ್ಲಿ ನೀರು ಮೊಣಕಾಲಿಗೆ ಬಂದಿತ್ತು.

"ವೈನಿನ್ನ ಎತ್ತಿಕೋರಿ!" ಶಾಲುಬಾಯಿ ಕೂಗಿದಳು. ಏಳು ತಿಂಗಳ ಬಸುರಿ ಸುಭದ್ರಾ ಅವಳ ತೋಳು ಹಿಡಿದು ನಿಂತಿದ್ದಳು. ಒಳಗೆ ಅತ್ತಿಗೆ ಕೇಶರಬಾಯಿ ಹೊರಸಿನ ಮೇಲೆ ಕೂತಿದ್ದಳು.

ಕಾಶೀರಾಮ ಒಂದು ಕ್ಷಣ ನಿಂತ. ಬಾವಿಯೊಳಗೆ ನೀರು ಏರುವುದನ್ನು ನೋಡಿ ನೋಡಿ ಅವನ ಕಣ್ಣು ಪಳಗಿತ್ತು. ಈ ಲೆಕ್ಕದಲ್ಲಿ ಅರ್ಧ ತಾಸಿನೊಳಗೆ ತಗ್ಗಿನಲ್ಲಿ ಆಳು ಮುಳುಗುತ್ತದೆ. ಒಬ್ಬೊಬ್ಬರನ್ನೇ ಹೊತ್ತರೆ ಎಷ್ಟು ಜನರನ್ನು ಹೊರಬಹುದು? ಪಕ್ಕದ ಮನೆಯಲ್ಲಿ ಮಕ್ಕಳ ಅಳು ಕೇಳುತ್ತಿತ್ತು.

"ನೀ ನೋಡು ವೈನಿನ್ನ. ನಾ ಗ್ವಾಡಿಗಿ ಹೋಗ್ತೇನಿ" ಎಂದವನೇ ಹಾರೆ ಎತ್ತಿಕೊಂಡ.

"ಗ್ವಾಡಿ ಏನ್ ಮಾಡ್ತೀರಿ? ಮನಿ ಮಂದಿ ಇಲ್ಲಿ ಮುಳುಗ್ಲಿಕತ್ತಾರ!" ಶಾಲುಬಾಯಿ ಹಿಂದಿನಿಂದ ಕೂಗಿದಳು. ಮದುವೆಯಾಗಿ ಬಂದ ಮೇಲೆ ಎಂದೂ ಬಾಯಿಗೆ ಬರದ ಬೈಗುಳವೊಂದು ಅವಳ ಬಾಯಿಂದ ಬಂತು. ಅವನು ತಿರುಗಿ ನೋಡಲಿಲ್ಲ.

ಗೋಡೆಯ ಬುಡದಲ್ಲಿ ನೀರು ಅವನ ಸೊಂಟಕ್ಕಿತ್ತು. ಹಾರೆ ಎತ್ತಿ ಹೊಡೆದ. ಸಿಮೆಂಟಿನ ಇಟ್ಟಿಗೆ ಜಗ್ಗಲಿಲ್ಲ. ಮತ್ತೆ ಹೊಡೆದ. ಗೋಡೆಯ ಮೇಲಿಂದ ಚಾಂದ ಪಾಶಾನ ತಲೆ ಕಾಣಿಸಿತು. ಮಳೆಯಲ್ಲಿ ತಲೆಗೆ ಗೋಣಿಚೀಲ ಹೊದ್ದಿದ್ದ.

"ಏ ಭಾಯಿ! ನನ್ನ ನೌಕರಿ ಹೋಗ್ತದ!"

"ನನ್ನ ಹೆಸರ ಹೇಳ್ರಿ ಚಾಚಾ. ಪಿಂಪಳವಾಡಿ ಕಾಶೀರಾಮ ಒಡದ ಅಂತ ಬರೆಸ್ರಿ." ಅವನು ಹೊಡೆಯುವುದನ್ನು ನಿಲ್ಲಿಸಲಿಲ್ಲ.

ಚಾಂದ ಪಾಶಾ ಕತ್ತೆತ್ತಿ ಕೆರೆಯ ಕಡೆ ನೋಡಿದ. ಪತ್ರಾಸುಗಳ ನಡುವೆ ಹೆಂಗಸರು ಮಕ್ಕಳನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಅವನು ಗೋಡೆಯಿಂದ ಮರೆಯಾದ. ಹೋದನೆಂದೇ ಕಾಶೀರಾಮ ತಿಳಿದ. ಆದರೆ ಆಚೆ ಬದಿಯಿಂದ ದನಿ ಬಂತು:

"ಅಲ್ಲಿ ಹೊಡೀಬ್ಯಾಡ. ನಿನ್ನ ಎಡಕ್ಕ ನಾಕು ಮಾರು ಬಾ. ಇಲ್ಲಿ ಸಿಮೆಂಟ್ ಕಮ್ಮಿ ಹಾಕ್ಯಾರ, ನಾ ಕಣ್ಣಾರೆ ನೋಡೇನಿ."

ಕಾಶೀರಾಮ ಎಡಕ್ಕೆ ಸರಿದ. ಈಚೆಯಿಂದ ಹಾರೆ, ಆಚೆಯಿಂದ ಸಲಾಕೆ. ಒಂದು ಇಟ್ಟಿಗೆ ಸಡಿಲವಾಯಿತು, ಆಮೇಲೆ ಇನ್ನೊಂದು. ತೂತಿನಿಂದ ನೀರು ಚಿಮ್ಮಿದ್ದೇ ಕಾಶೀರಾಮ, "ಸರೀರಿ ಚಾಚಾ, ದೂರ ಸರೀರಿ!" ಎಂದು ಅರಚಿದ. ತಾನೂ ಜಾಲಿಯ ಬೊಡ್ಡೆ ಹಿಡಿದುಕೊಂಡ. ಹತ್ತು ಮಾರು ಗೋಡೆ ಒಮ್ಮೆಗೇ ಹೊಟ್ಟೆ ಉಬ್ಬಿಸಿ ಕುಸಿಯಿತು. ಕೆಂಪು ನೀರು ಖಾಲಿ ಪ್ಲಾಟುಗಳ ಮೇಲೆ ಹಾಯ್ದು, ನಂಬರು ಬರೆದ ಕಲ್ಲುಗಳನ್ನು ಉರುಳಿಸುತ್ತ ನಾಲೆಯ ಕಡೆ ಓಡಿತು. ಜಾಲಿಯ ಮುಳ್ಳು ಕಾಶೀರಾಮನ ಎರಡೂ ಅಂಗೈಗಳಲ್ಲಿ ಇಳಿದಿದ್ದವು. ಅದು ಅವನಿಗೆ ಗೊತ್ತಾದದ್ದು ಆಮೇಲೆ.

ಇತ್ತ ಶಾಲುಬಾಯಿ ಮೊದಲು ಸುಭದ್ರಾಳನ್ನು ದಂಡೆ ಮುಟ್ಟಿಸಿದಳು. ಎತ್ತರದ ತನ್ನ ಮನೆಗೆ ಓಡಿ, ನೀಲಿ ಡ್ರಮ್ಮಿನ ಮೇಲಿನ ಕಲ್ಲು ತಳ್ಳಿ, ಇದ್ದ ನೀರನ್ನೆಲ್ಲ ನೆಲಕ್ಕೆ ಸುರಿದಳು. ಎರಡು ವರ್ಷದಲ್ಲಿ ಅವಳು ನೀರು ಚೆಲ್ಲಿದ್ದು ಅದೇ ಮೊದಲು. ಮುಚ್ಚಳ ಬಿಗಿದು ಡ್ರಮ್ಮನ್ನು ನೀರಿನ ಮೇಲೆ ತಳ್ಳಿಕೊಂಡು ಹೋದಳು. ಹೊರಸಿನ ಮೇಲೆ ನಿಂತು ಸೂರಿನ ಬಿದಿರು ಹಿಡಿದಿದ್ದ ಕೇಶರಬಾಯಿಯ ಎದೆಗೆ ನೀರು ಬಂದಿತ್ತು.

"ಅಕ್ಕ, ಇದನ್ನ ತಬ್ಬಿ ಹಿಡೀರಿ. ಕಾಲಿನ ಚಿಂತಿ ಬಿಡ್ರಿ."

ಕೇಶರಬಾಯಿ ಡ್ರಮ್ಮನ್ನು ತಬ್ಬಿದಳು. ಶಾಲುಬಾಯಿ ಅದನ್ನು ತಳ್ಳುತ್ತ ನಡೆದಳು. ನಡುದಾರಿಯಲ್ಲಿ ಅವಳ ಕಾಲಿಗೆ ನೆಲ ಸಿಗದೆ ಹೋಯಿತು. ಅವಳೂ ಡ್ರಮ್ಮಿಗೇ ಜೋತುಬಿದ್ದಳು. ಆಗಲೇ ನೀರು ತಡೆದು ನಿಂತ ಹಾಗಾಯಿತು. ಆಮೇಲೆ ಹಿಂದಕ್ಕೆ, ಒಡಕಿನ ಕಡೆಗೆ, ಎಳೆಯತೊಡಗಿತು. ಯಾರೋ ವಿಮಲಾಬಾಯಿಯವರ ಅಂಗಡಿಯಿಂದ ಹಗ್ಗ ಎಸೆದರು; ಅದನ್ನು ಹಿಡಿದು ಇಬ್ಬರೂ ದಂಡೆ ಸೇರಿದರು.

ಎಸೆದದ್ದು ವಿಮಲಾಬಾಯಿಯೇ. ಅವರ ಅಂಗಡಿಯೊಳಗೂ ನೀರು ನುಗ್ಗಿ ಬೇಳೆ, ಸಕ್ಕರೆ ಚೀಲಗಳು ನೆನೆಯುತ್ತಿದ್ದವು. ಅವರು ಅದನ್ನು ಬಿಟ್ಟು ಮಾಳಿಗೆಗೆ ಹತ್ತಿದರು. ಮೇಲಿನ ದೊಡ್ಡ ಕೋಣೆಯಲ್ಲಿದ್ದ ಪೂಜೆಯ ಬುಟ್ಟಿ, ಶರಣರ ಪಟ ತೆಗೆದು ಒಳಕೋಣೆಯಲ್ಲಿಟ್ಟು ಬಾಗಿಲು ಎಳೆದುಕೊಂಡರು. ಅದಾದ ಮೇಲೆ ಮೆಟ್ಟಿಲ ಮೇಲೆ ನಿಂತು ಕರೆದರು: "ಎಲ್ಲಾರೂ ಮ್ಯಾಲ ಬರ್ರಿ."

ತೊಯ್ದು ನಿಂತವರಲ್ಲಿ ಯಾರೂ ಮೊದಲು ಹೆಜ್ಜೆ ಇಡಲಿಲ್ಲ. ಕೇಶರಬಾಯಿ ನಡುಗುತ್ತ, "ನಾವು ಇಲ್ಲೇ ಪಾವಟಿಗಿ ಮ್ಯಾಲ ಕುಂದರ್ತೇವ್ರಿ ಬಾಯಾರ" ಎಂದಳು.

ವಿಮಲಾಬಾಯಿ ಸೆರಗು ಸೊಂಟಕ್ಕೆ ಸಿಗಿಸಿದರು. ಆಮೇಲೆ ಇಳಿದು ಬಂದು ಕೇಶರಬಾಯಿಯ ಒಂದು ಬಗಲಿಗೆ ಕೈ ಕೊಟ್ಟರು. "ಪಾವಟಿಗಿ ಮುಳುಗ್ಯಾವ. ಏಳ್ರಿ" ಎಂದರು.

ಸಂಜೆಯ ಹೊತ್ತಿಗೆ ಆ ಒಂದು ಕೋಣೆ ಮತ್ತು ಮಾಳಿಗೆಯಲ್ಲಿ ಐವತ್ತಕ್ಕೂ ಹೆಚ್ಚು ಜನರಿದ್ದರು. ತಗ್ಗಿನ ಹನ್ನೊಂದು ಮನೆಗಳು ಹೋಗಿದ್ದವು. ಎರಡು ಆಡು ಸತ್ತಿದ್ದವು. ಮನುಷ್ಯರು ಉಳಿದಿದ್ದರು. ಮಚ್ಛೇಂದ್ರ ಕೆಲಸದಿಂದ ಓಡಿಬಂದು, ಹೆಂಡತಿಯನ್ನೂ ತಾಯಿಯನ್ನೂ ನೋಡಿ, ಬಾಗಿಲ ಹತ್ತಿರವೇ ಕೂತುಬಿಟ್ಟ. ಶಾಲುಬಾಯಿ ಗಂಡನ ಅಂಗೈಯಿಂದ ಸೂಜಿಯಲ್ಲಿ ಮುಳ್ಳು ತೆಗೆಯುತ್ತಿದ್ದಳು. ಮಧ್ಯಾಹ್ನ ಬೈದದ್ದರ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ಅವಳು ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಮೆಲ್ಲಗೆ ತೆಗೆಯುತ್ತಿದ್ದಳು.

ಮುಳ್ಳು ತೆಗೆಸಿಕೊಂಡು ಕಾಶೀರಾಮ ಅತ್ತಿಗೆಯ ಹತ್ತಿರ ಹೋಗಿ ಕೂತ.

"ವೈನಿ, ಒಂದು ಮಾತು ಹೇಳಬೇಕು. ಮೊದಲ ದಿನಾನೇ ನನಗ ಗೊತ್ತಿತ್ತು, ಇದು ಕೆರಿ ಅಂತ. ಮಚ್ಛೇಂದ್ರ ಫೋನ್ ಮಾಡಿದಾಗ ಹೇಳಲಿಲ್ಲ. ಗೊತ್ತಿದ್ದೇ ನಿಮ್ಮನ್ನ ತಗ್ಗಿನಾಗ ಇಳಿಸಿದೆ."

ಕೇಶರಬಾಯಿ ವಿಮಲಾಬಾಯಿ ಕೊಟ್ಟ ಒಣ ಸೀರೆ ಸುತ್ತಿಕೊಂಡು ಗೋಡೆಗೆ ಒರಗಿದ್ದಳು. "ನನಗೂ ಗೊತ್ತಿತ್ತಪ್ಪ" ಎಂದಳು.

ಅವನು ತಲೆ ಎತ್ತಿದ.

"ಆ ಮಣ್ಣಾಗ ಒಲಿ ಮಾಡ್ಲಿಕ್ಕ ಕೂತೆ. ಕಲಸಿದ ಕೂಡ್ಲೇ ತಿಳೀತು. ನಾ ಏನ್ ಸಣ್ಣಾಕಿ? ನಿಮ್ಮ ಅಣ್ಣನ ಕೂಡ ಎಷ್ಟು ಕೆರಿ ಹೂಳು ಹೊತ್ತೇನಿ." ಆಕೆ ಸುಭದ್ರಾ ಮಲಗಿದ್ದ ಕಡೆ ನೋಡಿದಳು. "ಬಾಯಿ ಬಿಟ್ರ ಮಚ್ಛೇಂದ್ರ ತಿರುಗಿ ಊರಿಗಿ ಹೋಗೂಣು ಅಂತಿದ್ದ. ಊರಾಗ ಆಕಿ ಆ ಕೊಡ ಹೊತ್ತು ಮತ್ತ ಬಿದ್ರ? ಇಲ್ಲಿ ಸಂಜಿಗಿ ಎರಡು ಕೊಡ ನೀರಾದ್ರೂ ಬರ್ತಿತ್ತು. ಮುಳುಗೂದು ಬಂದಾಗ ನೋಡೂಣು ಅಂದೆ. ನೀ ಒಬ್ಬನೇ ಹೊರಬ್ಯಾಡ ಅದನ್ನ."

ಕಾಶೀರಾಮ ಮೊಣಕಾಲಿಗೆ ತಲೆ ಒತ್ತಿ ಅತ್ತ. ಕೇಶರಬಾಯಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಮೂಲೆಯಲ್ಲಿ ಅವಲಕ್ಕಿ ನೆನೆಸುತ್ತಿದ್ದ ವಿಮಲಾಬಾಯಿಗೆ ಎಲ್ಲ ಕೇಳಿಸಿತ್ತು. ಮರುದಿನ ಬೆಳಿಗ್ಗೆ ಅವರು ಪೂಜೆಯ ಬುಟ್ಟಿಯನ್ನು ಹೊರಗೆ ತಂದು, ಮಲಗಿದ್ದ ಮಕ್ಕಳ ನಡುವೆ ಜಾಗ ಮಾಡಿಕೊಂಡು ಅಲ್ಲೇ ಕೂತು ಪೂಜೆ ಮಾಡಿದರು. ಮುಗಿಸಿ, ಎಲ್ಲರ ಜೊತೆ ಅದೇ ಪಾತ್ರೆಯ ಅವಲಕ್ಕಿ ತಿಂದರು.

ಆಮೇಲೆ ಎಂಟು ದಿನ ಎಲ್ಲರೂ ಒಂದು ಶಾಲೆಯ ಕೋಣೆಗಳಲ್ಲಿದ್ದರು. ಬಂದ ಅಧಿಕಾರಿಗಳು ಹೆಸರು ಬರೆದುಕೊಂಡರು. ರೇಷನ್ ಕಾರ್ಡು ಔರಾದದ್ದು, ಮನೆ ಬಿದ್ದದ್ದು ಬೀದರಿನಲ್ಲಿ, ಅದೂ ಕೆರೆಯ ಜಾಗದಲ್ಲಿ. ಪರಿಹಾರದ ಯಾವ ಪಟ್ಟಿಯಲ್ಲಿ ಇವರನ್ನು ಸೇರಿಸಬೇಕೆಂದು ಬರೆದುಕೊಂಡವರಿಗೂ ತಿಳಿಯಲಿಲ್ಲ. ಹಾಸಿಗೆ, ಅಕ್ಕಿ ಕೊಟ್ಟು ಹೋದರು. ಗೋಡೆಯ ಮಾಲೀಕರು ಮಾತ್ರ ತಡಮಾಡದೆ ದೂರು ಕೊಟ್ಟರು. ಠಾಣೆಯಿಂದ ಕಾಶೀರಾಮನಿಗೆ ಕರೆ ಬಂತು.

ವಿಮಲಾಬಾಯಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಆಟೋದಲ್ಲಿ ಅವನ ಜೊತೆ ಹೋದರು. ಅಂಗಡಿಯ ಹಾನಿ ಬರೆಸುವುದಿದೆ ಎಂದು ಹೇಳಿದ್ದರು. ಆದರೆ ಅಲ್ಲಿ ಕುರ್ಚಿಯಲ್ಲಿ ಕೂತವರೇ, "ಗ್ವಾಡಿ ಒಡೀರಿ ಅಂತ ಇವರಿಗಿ ಹೇಳಿದಾಕಿ ನಾನ್ರಿ" ಎಂದುಬಿಟ್ಟರು.

ಕಾಶೀರಾಮ ಬೆಚ್ಚಿ ಅವರ ಕಡೆ ನೋಡಿದ.

"ನನ್ನ ಅಂಗಡಿ ಮುಳುಗ್ಲಿಕತ್ತಿತ್ತು. ನಾನೇ ಹೇಳಿದೆ. ಕೇಸ್ ಹಾಕೂದಿದ್ರ ನನ್ನ ಮ್ಯಾಲ ಹಾಕ್ರಿ. ನಾನೂ ಹಾಕ್ತೇನಿ. ಮೂವತ್ತೈದು ವರ್ಷ ನೀರು ಹರದ ದಾರಿಗಿ ಅಡ್ಡ ಕಟ್ಟಿದವರು ಯಾರು ಅಂತ ಕೇಳ್ತೇನಿ."

ಚಾಂದ ಪಾಶಾನೂ ಸಾಕ್ಷಿಗೆ ಬಂದಿದ್ದ. ಗೋಡೆ ಹೇಗೆ ಬಿತ್ತೆಂದು ಕೇಳಿದಾಗ, "ನೀರಿನ ಜೋರಿಗಿ ಬಿತ್ತು ಸಾಬ್. ಸಿಮೆಂಟ್ ಕಮ್ಮಿ ಇತ್ತು" ಎಂದ. ಅದರಲ್ಲಿ ಅರ್ಧ ನಿಜವಿತ್ತು. ಹದಿನೈದು ದಿನದ ಮೇಲೆ ದೂರು ತಣ್ಣಗಾಯಿತು. ಚಾಂದ ಪಾಶಾನ ನೌಕರಿ ಮಾತ್ರ ಹೋಯಿತು. ಅವನು ಮಗಳ ಮನೆಗೆ ಹುಮನಾಬಾದಿಗೆ ಹೊರಟಾಗ ಕಾಶೀರಾಮ ಬಸ್ ನಿಲ್ದಾಣದ ತನಕ ಅವನ ಗಂಟು ಹೊತ್ತ. ಚಾಂದ ಪಾಶಾ ಅವನ ಪಟ್ಟಿ ಕಟ್ಟಿದ ಕೈ ಹಿಡಿದು, "ಜರಾ ಅರಿಶಿಣ ಹಚ್ಚು ಇದಕ್ಕ" ಎಂದು ಬಸ್ಸು ಹತ್ತಿದ.

ಮಚ್ಛೇಂದ್ರ ಊರಿಗೆ ಹೋಗುವುದೆಂದು ನಿರ್ಧರಿಸಿದ. ಬಾವಿಗಳಲ್ಲಿ ನೀರಿತ್ತು, ಹಿಂಗಾರಿನ ಕೆಲಸ ಶುರುವಾಗಿತ್ತು, ಸುಭದ್ರಾಳ ಹೆರಿಗೆ ಹತ್ತಿರ ಬಂದಿತ್ತು. ಕೇಶರಬಾಯಿ ಶಾಲುಬಾಯಿಯನ್ನು ಕೇಳಿದಳು, "ನೀವೂ ಬರ್ರೆಲ್ಲ?"

ಶಾಲುಬಾಯಿ ಗಂಡನ ಮುಖ ನೋಡಿದಳು. ಉತ್ತರ ಕೊಟ್ಟವಳು ಅವಳೇ. "ಈ ವರ್ಷ ಬಾವಿ ತುಂಬ್ಯಾವ ಅಕ್ಕ. ಬರೂ ವರ್ಷದ ಮಾತು ಯಾರಿಗಿ ಗೊತ್ತದ? ಹೋಗೂದು, ಮತ್ತ ಗಂಟು ಕಟ್ಟೂದು, ನನ್ನ ಕೈಲಿ ಇನ್ನ ಆಗಲ್ಲ. ಇಲ್ಲೇ ಎಲ್ಲ್ಯಾದ್ರೂ ಗಟ್ಟಿ ನೆಲ ನೋಡ್ತೇವಿ. ಬಾಣಂತನಕ್ಕ ಬಂದೇ ಬರ್ತೇನಿ."

ಕೆಲಸ ಬೀದರಿನ ಹತ್ತಿರದ ಕಮಠಾಣದಲ್ಲಿ ಸಿಕ್ಕಿತು. ಮಳೆಗೆ ಅಲ್ಲಿಯ ಹಳೆಯ ಬಾವಿಗಳ ದಂಡೆ ಕುಸಿದು ಹೂಳು ತುಂಬಿತ್ತು. ಇಳಿದು ತೆಗೆಯಬಲ್ಲವರು ಬೇಕಾಗಿದ್ದರು. ವಿಮಲಾಬಾಯಿಯವರ ಅಣ್ಣನ ಮನೆ ಆ ಊರಿನಲ್ಲಿತ್ತು, ಅವರೇ ಹೇಳಿಕಳಿಸಿದ್ದರು. ಕಾಶೀರಾಮ ಹೋಗಿ ಮೊದಲ ಬಾವಿ ನೋಡಿಬಂದ. ಅಂಗೈಯ ಗಾಯ ಪೂರ್ತಿ ಮಾಯ್ದಿರಲಿಲ್ಲ, ಆದರೂ ಹಾರೆ ಹಿಡಿಯಬಹುದಿತ್ತು.

ಬಾಡಿಗೆಗೆ ಒಂದು ಕೋಣೆ ತೋರಿಸಿದರು. ಕಲ್ಲಿನ ಗೋಡೆ, ಮೇಲೆ ಪತ್ರಾಸು. ಕಾಶೀರಾಮ ಒಳಗೆ ಹೋಗಿ ನೋಡುತ್ತಿದ್ದಾಗ ಶಾಲುಬಾಯಿ ಹೊರಗೇ ಉಳಿದಳು. ಎದುರು ಮನೆಯ ಕಟ್ಟೆಯ ಮೇಲೆ ಭೀಮಬಾಯಿ ಎಂಬ ಮುದುಕಿ ತೊಗರಿ ಕೇರುತ್ತಿದ್ದಳು. ಶಾಲುಬಾಯಿ ಹೋಗಿ ಅವಳ ಪಕ್ಕ ಕೂತಳು.

"ಆಯಿ, ಈ ಸಲ ದೊಡ್ಡ ಮಳಿ ಬಂತಲ್ಲ, ಈ ಓಣ್ಯಾಗ ನೀರು ಎಲ್ಲಿ ತನಕ ಬಂದಿದ್ವು?"

ಮುದುಕಿ ಮೊರ ಇಳಿಸಿ ಅವಳನ್ನು ನೋಡಿದಳು. "ಬಾಡಿಗಿಗಿ ಬರಾಂವರು ನಳ ಎಷ್ಟು ದಿನಕ್ಕೊಮ್ಮಿ ಬರ್ತದ ಅಂತ ಕೇಳ್ತಾರ. ಇದನ್ನ ಕೇಳಿದಾಕಿ ನೀ ಒಬ್ಬಾಕಿ."

"ಅದನ್ನೂ ಕೇಳ್ತೇನಿ. ಮೊದಲ ಇದು ಹೇಳ್ರಿ."

ಭೀಮಬಾಯಿ ನಿಧಾನಕ್ಕೆ ಎದ್ದು, ಕೋಲು ಊರಿ, ಓಣಿಯ ಇಳಿಜಾರಿನಲ್ಲಿ ನಡೆದಳು. ಕೊನೆಗೆ ಬೇವಿನ ಮರದ ಬುಡದಲ್ಲಿ ನಿಂತು, ಅಲ್ಲಿ ಒಣಗಿದ್ದ ಕೆಸರನ್ನು ಕೋಲಿನಿಂದ ಮುಟ್ಟಿ ತೋರಿಸಿದಳು. ಶಾಲುಬಾಯಿ ಅಲ್ಲಿಂದ ಹಿಂತಿರುಗಿ, ಒಂದೊಂದೇ ಹೆಜ್ಜೆ ಎಣಿಸುತ್ತ, ಏರು ಹತ್ತಿ ಕೋಣೆಯ ಬಾಗಿಲ ತನಕ ಬಂದಳು. ನಲವತ್ತಮೂರು ಹೆಜ್ಜೆ. ಒಳಗಿದ್ದ ಗಂಡನಿಗೆ, "ಗಂಟು ತರ್ರಿ" ಎಂದಳು.